ಹಿತ್ತಾಳೆಯ ತಟ್ಟೆಯೂ ಉಕ್ಕಿನ ಕುಲುಮೆಯೂ

ನೃತ್ಯವೂ ಶಿಲ್ಪವೂ ಒಡಹುಟ್ಟಿದ ಕಲೆಗಳೆಂಬ ಮಾತು ನಮ್ಮಲ್ಲಿ ಬಹು ಹಳೆಯದು. ಒಂದು ಚಲಿಸುತ್ತದೆ, ಇನ್ನೊಂದು ನಿಲ್ಲುತ್ತದೆ. ಒಂದು ಹುಟ್ಟಿದ ಕ್ಷಣದಲ್ಲಿಯೇ ಅಳಿಯುತ್ತದೆ, ಇನ್ನೊಂದು ಶತಮಾನಗಳವರೆಗೆ ಬಾಳುತ್ತದೆ. ಬೇಲೂರಿನ ಮದನಿಕೆಯರನ್ನು ಕಣ್ಣಾರೆ ಕಂಡ ಕನ್ನಡಿಗನಿಗೆ ಈ ಸಂಬಂಧವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಶಿಲ್ಪಿಯು ನರ್ತಕಿಯನ್ನು ನೋಡಿ ಕಲ್ಲಿನಲ್ಲಿ ಕಡೆಯುವುದು ಬೇರೆ. ಶಿಲ್ಪವೂ ನರ್ತಕಿಯೂ ಒಂದೇ ರಂಗದ ಮೇಲೆ, ಒಂದರ ಭಾರವನ್ನು ಮತ್ತೊಂದು ಹೊತ್ತು, ಏಕಕಾಲದಲ್ಲಿ ಪ್ರೇಕ್ಷಕರ ಮುಂದೆ ನಿಲ್ಲುವುದು ಬೇರೆ.

ಈ ಎರಡನೆಯ ಬಗೆಯ ಪ್ರಯೋಗಗಳು ಈಗ ನಾನಾ ದೇಶಗಳಲ್ಲಿ ನಡೆಯುತ್ತಿವೆ. ಕಬ್ಬಿಣ, ಉಕ್ಕು, ಹಿತ್ತಾಳೆಗಳ ದೊಡ್ಡ ಆಕೃತಿಗಳನ್ನು ರಂಗದ ಮೇಲೆ ನಿಲ್ಲಿಸಿ, ನರ್ತಕರು ಅವುಗಳ ಒಳಗೂ ಮೇಲೂ ಸುತ್ತಲೂ ಸಂಚರಿಸುವ ಹೊಸ ನೃತ್ಯವಿದು. ಇದರ ಚಿತ್ರಗಳನ್ನು ಕಂಡವರು, "ಗುಜರಿ ಅಂಗಡಿಯಲ್ಲಿ ಕುಣಿಯುವುದೂ ಒಂದು ಕಲೆಯೇ?" ಎಂದು ನಗುವುದುಂಟು. ನಗುವವರನ್ನು ಆಕ್ಷೇಪಿಸಲಾಗದು. ಹೊಸತು ಎಂದೊಡನೆ ಅದು ಪರದೇಶದ ಹುಚ್ಚೆಂದು ತೋರುವುದು ಸಹಜವೇ ಸರಿ. ಆದರೆ ಲೋಹದೊಡನೆ ನರ್ತಿಸುವ ವಿದ್ಯೆ ಪರದೇಶದಿಂದ ಬಂದುದಲ್ಲ. ಅದರ ಒಂದು ಬೇರು ಕೃಷ್ಣಾ ನದಿಯ ದಡದಲ್ಲಿದೆ; ಇನ್ನೊಂದು ಬೇರು ನಮ್ಮ ಕರಾವಳಿಯ ದೈವದ ಅಂಗಳದಲ್ಲಿಯೇ ಇದೆ. ವಿಜಯವಾಡ ಮತ್ತು ವಿಶಾಖಪಟ್ಟಣಗಳೆಂಬ ಎರಡು ನಗರಗಳನ್ನು ಮುಂದಿರಿಸಿಕೊಂಡು ಈ ವಿಷಯವನ್ನು ಇಲ್ಲಿ ವಿಚಾರಿಸೋಣ.

ತಟ್ಟೆಯ ಅಂಚಿನ ಮೇಲೆ

ಹಿಂದೆ ಬೆಜವಾಡವೆನಿಸಿದ್ದ ವಿಜಯವಾಡದಿಂದ ಮಚಲೀಪಟ್ಟಣದ ದಾರಿಯನ್ನು ಹಿಡಿದು ಪಾಮರ್ರಿನಲ್ಲಿ ದಕ್ಷಿಣಕ್ಕೆ ತಿರುಗಿದರೆ, ಚಲ್ಲಪಲ್ಲಿಗೆ ಹೋಗುವ ರಸ್ತೆಯಲ್ಲಿ ಕೂಚಿಪುಡಿ ಎಂಬ ಗ್ರಾಮ ಸಿಗುತ್ತದೆ. ಬತ್ತದ ಗದ್ದೆಗಳ ನಡುವಣ ಈ ಊರಿನ ಹೆಸರೇ ಒಂದು ನೃತ್ಯಕ್ಕೆ ಹೆಸರಾಗಿ ಲೋಕವನ್ನೆಲ್ಲ ಸುತ್ತಿಬಂದಿದೆ. ಸಿದ್ಧೇಂದ್ರ ಯೋಗಿಯೆಂಬ ಭಕ್ತನು 'ಭಾಮಾಕಲಾಪ'ವನ್ನು ರಚಿಸಿ ಇಲ್ಲಿನ ಬ್ರಾಹ್ಮಣ ಬಾಲಕರಿಗೆ ಕಲಿಸಿದನೆಂದೂ, 17ನೆಯ ಶತಮಾನದ ಕೊನೆಯ ಭಾಗದಲ್ಲಿ ಗೋಲ್ಕೊಂಡದ ಸುಲ್ತಾನ ಅಬುಲ್ ಹಸನ್ ತಾನಾಷಾ ಇವರ ಆಟಕ್ಕೆ ಮೆಚ್ಚಿ ಊರನ್ನು ಅಗ್ರಹಾರವಾಗಿ ಕೊಟ್ಟನೆಂದೂ ಪರಂಪರೆ ಹೇಳುತ್ತದೆ.

ಕನ್ನಡ ನೆಲಕ್ಕೂ ಈ ಕಲಾವಿದರಿಗೂ ನಂಟಿಲ್ಲದಿಲ್ಲ. ಮಾಚುಪಲ್ಲಿಯ ಕೈಫಿಯತ್ತಿನಲ್ಲಿ ಒಂದು ವೃತ್ತಾಂತವಿದೆ. ಕೂಚಿಪುಡಿಯ ಭಾಗವತರ ಮೇಳವೊಂದು 1502ರ ಸುಮಾರಿಗೆ ವಿಜಯನಗರಕ್ಕೆ ಬಂದು, ಸಿದ್ಧವಟದ ಸೀಮೆಯಲ್ಲಿ ಸಮ್ಮೆಟ ಗುರುವರಾಜನೆಂಬ ಅಧಿಕಾರಿಯು ತೆರಿಗೆಗಾಗಿ ಹೆಂಗಸರನ್ನು ಹಿಂಸಿಸುತ್ತಿದ್ದುದನ್ನು ಅರಸನ ಮುಂದೆ ಆಡಿ ತೋರಿಸಿತು; ಅರಸನು ಸೈನ್ಯವನ್ನು ಕಳುಹಿಸಿ ಆತನನ್ನು ದಂಡಿಸಿದನು. ಪರಊರಿನಿಂದ ಬಂದ ಬಡ ಮೇಳವೊಂದು ನರ್ತನವನ್ನೇ ಅರ್ಜಿಯಾಗಿ ಮಾಡಿಕೊಂಡ ಕಥೆಯಿದು. ಕುಣಿತವು ಬರಿಯ ಮನೋರಂಜನೆಯೆನ್ನುವವರು ಇದನ್ನು ನೆನಪಿಡುವುದು ಒಳ್ಳೆಯದು.

ಈ ಸಂಪ್ರದಾಯದಲ್ಲಿ 'ತರಂಗ'ವೆಂಬುದೊಂದು ಭಾಗ. ನಾರಾಯಣತೀರ್ಥರು ಸಂಸ್ಕೃತದಲ್ಲಿ ರಚಿಸಿದ 'ಶ್ರೀಕೃಷ್ಣಲೀಲಾ ತರಂಗಿಣಿ'ಯ ಗೀತಗಳಿಗೆ ನರ್ತಿಸುವಾಗ, ಒಂದು ಹಂತದಲ್ಲಿ ನರ್ತಕಿಯು ದಪ್ಪನೆಯ ಹಿತ್ತಾಳೆ ತಟ್ಟೆಯೊಂದರ ಮೇಲೆ ಹತ್ತುತ್ತಾಳೆ. ತಟ್ಟೆಯ ನಡುವೆ ನಿಂತುಕೊಳ್ಳುವುದಲ್ಲ. ಎರಡು ಪಾದಗಳ ಬೆರಳುಗಳಿಂದಲೂ ಅಂಗಾಲಿನ ಕಮಾನಿನಿಂದಲೂ ತಟ್ಟೆಯ ಎತ್ತರಿಸಿದ ಅಂಚನ್ನು ಕಚ್ಚಿಹಿಡಿದು ನಿಲ್ಲುವುದು. ಬಳಿಕ ದೇಹದ ಭಾರವನ್ನು ಹಿಮ್ಮಡಿಯಿಂದ ಬೆರಳಿಗೆ, ಬಲದಿಂದ ಎಡಕ್ಕೆ ಸಾಗಿಸುತ್ತ ತಟ್ಟೆಯನ್ನೇ ಮುಂದಕ್ಕೆ ಜಾರಿಸುತ್ತಾಳೆ, ತಿರುಗಿಸುತ್ತಾಳೆ, ಅಂಚನ್ನು ನೆಲಕ್ಕೆ ತಟ್ಟಿ ಮೃದಂಗದ ಜತಿಗೆ ಉತ್ತರ ಕೊಡುತ್ತಾಳೆ. ಕೆಲವರು ತಲೆಯ ಮೇಲೆ ನೀರು ತುಂಬಿದ ಚೆಂಬನ್ನೂ ಇಟ್ಟುಕೊಳ್ಳುವರು. ಕಾಲಿನ ಕೆಲಸ ಹೀಗೆ ನಡೆಯುತ್ತಿರುವಾಗ ಕೈಯೂ ಕಣ್ಣೂ ಮುಖವೂ ಬಾಲಕೃಷ್ಣನ ಲೀಲೆಯನ್ನು ಏನೂ ಆಯಾಸವಿಲ್ಲದಂತೆ ಅಭಿನಯಿಸುತ್ತಿರಬೇಕು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ತಟ್ಟೆಯು ಅಲಂಕಾರವಲ್ಲ. ಅದು ನರ್ತಕಿಯ ಪಾದದಿಂದ ಒಂದು ಸ್ವಾತಂತ್ರ್ಯವನ್ನು ಕಿತ್ತುಕೊಂಡು, ಅದರ ಬದಲಿಗೆ ಇನ್ನೊಂದನ್ನು ಕೊಡುತ್ತದೆ. ಪಾದವನ್ನು ಎತ್ತಿಡುವ ಸ್ವಾತಂತ್ರ್ಯ ಹೋಯಿತು. ಭಾರವನ್ನು ತೂಗಿ ತೂಗಿ ಚಲಿಸುವ ವಿದ್ಯೆ ಬಂದಿತು. ಲೋಹವು ತನ್ನ ತೂಕ, ತನ್ನ ಅಂಚು, ತನ್ನ ನಾದಗಳಿಂದ ನರ್ತನದ ರೂಪವನ್ನು ನಿರ್ಣಯಿಸುತ್ತದೆ. ಎಡಗೈಯ ಮೇಲೆ ನಾಲ್ಕು ತಟ್ಟೆಗಳನ್ನು ಸಾಲಾಗಿ ಹೊತ್ತು, ಜನದಟ್ಟಣೆಯ ನಡುವೆ ಮೇಜಿನಿಂದ ಮೇಜಿಗೆ ಸಾಗುವ ನಮ್ಮ ಹೋಟೆಲಿನ ತಮ್ಮಂದಿರಿಗೆ ಈ ಮಾತು ಪಂಡಿತರಿಗಿಂತ ಬೇಗನೆ ಅರ್ಥವಾದೀತು. ಹೊರೆಯೇ ನಡಿಗೆಯನ್ನು ಕಲಿಸುತ್ತದೆ. ತಟ್ಟೆಯ ಮೇಲಿನ ಲೋಟದಲ್ಲಿ ಸಾರು ತುಳುಕದಂತೆ ಸೊಂಟವನ್ನು ಎಷ್ಟು ತಿರುಗಿಸಬೇಕೆಂಬುದನ್ನು ಯಾವ ಪುಸ್ತಕವೂ ಹೇಳಿಕೊಡುವುದಿಲ್ಲ.

ತಟ್ಟೆಯ ಮೇಲಣ ನರ್ತನವು ಕೇವಲ ಸರ್ಕಸ್ಸಾಗುತ್ತಿದೆಯೆಂದು ವಿಮರ್ಶಕರು ಆಕ್ಷೇಪಿಸಿದ್ದುಂಟು. ಬೀಳದೆ ನಿಂತುದಕ್ಕೇ ಚಪ್ಪಾಳೆ ಬೀಳುವುದಾದರೆ ಆ ಆಕ್ಷೇಪ ನ್ಯಾಯವಾದುದೇ. ಲೋಹದೊಡನೆ ನಡೆಯುವ ಯಾವ ನರ್ತನಕ್ಕಾದರೂ ಈ ಅಪಾಯ ಇದ್ದೇ ಇದೆ. ಮುಂದೆ ಹೇಳುವ ಹೊಸ ಪ್ರಯೋಗಗಳಿಗೂ ಅದು ತಪ್ಪಿದ್ದಲ್ಲ.

ನಮ್ಮ ಅಂಗಳದ ಗಗ್ಗರ

ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡುಗಳಿಂದ ಬಂದ ನಮ್ಮ ಬಂಧುಗಳಿಗೆ ಇದೆಲ್ಲ ಓದುತ್ತಿರುವಾಗಲೇ ಇನ್ನೊಂದು ಚಿತ್ರವು ಕಣ್ಣಮುಂದೆ ಬಂದಿರಬೇಕು. ಊರಿನ ಭೂತಕೋಲದಲ್ಲಿ ಲೋಹವು ಎಷ್ಟೊಂದು ಕೆಲಸ ಮಾಡುತ್ತದೆ! ಪಾತ್ರಿಯ ಕೈಯಲ್ಲಿ ಕಂಚಿನ ಘಂಟೆ, ಕತ್ತಿ, ಪಂಜುರ್ಲಿಗೆ ಹಂದಿಯ ರೂಪದ ಲೋಹದ ಮೊಗ, ಕಾಲಿಗೆ ಗಗ್ಗರ. ಟೊಳ್ಳಾದ ಬಳೆಯಂತಹ ಈ ಗಗ್ಗರದೊಳಗೆ ಸಣ್ಣ ಹರಳುಗಳಿದ್ದು, ಹೆಜ್ಜೆಯಿಟ್ಟಂತೆಲ್ಲ ಅವು ಗಲಗಲ ಸದ್ದು ಮಾಡುತ್ತವೆ. ಕೋಲ ಕಟ್ಟುವಾತನು ಗಗ್ಗರವನ್ನು ಕೈಯಲ್ಲಿ ಹಿಡಿದು ಬೇಡಿಕೊಂಡು ಬಳಿಕ ಕಾಲಿಗೆ ಕಟ್ಟಿಕೊಳ್ಳುವ ಘಳಿಗೆಯಲ್ಲಿಯೇ ದೈವದ ಆವೇಶ ಪೂರ್ಣವಾಗುವುದೆಂಬ ನಂಬಿಕೆ ಎಲ್ಲರಿಗೂ ತಿಳಿದುದೇ. ಮನುಷ್ಯನು ದೈವವಾಗುವ ಹೊಸ್ತಿಲಿನಲ್ಲಿ ಲೋಹವೊಂದು ಕಾದುಕೊಂಡಿದೆಯೆಂದರೆ, ಅದನ್ನು ಬರಿಯ ಆಭರಣವೆನ್ನುವುದು ಹೇಗೆ?

ಮೊಗದ ವಿಷಯವೂ ಹಾಗೆಯೇ. ಇಂತಹ ಲೋಹದ ಮೊಗಗಳು ಇಂದು ಪರದೇಶದ ವಸ್ತುಸಂಗ್ರಹಾಲಯಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಶಿಲ್ಪಗಳೆಂದು ಕುಳಿತಿವೆ. ಅಲ್ಲಿ ಅವು ಅಚಲ. ಊರಿನ ಅಂಗಳದಲ್ಲಿಯೋ, ದೀವಟಿಗೆಯ ಬೆಳಕಿನಲ್ಲಿ, ತೆಂಬರೆಯ ಪೆಟ್ಟಿಗೆ, ಅದೇ ಲೋಹವು ಉಸಿರಾಡುತ್ತದೆ. ಗಾಜಿನೊಳಗಿನ ಮೊಗವು ಅರ್ಧ ಕೃತಿ. ಕುಣಿವ ದೇಹವು ಅದರ ಉಳಿದರ್ಧ.

ಈ ರಹಸ್ಯವನ್ನು ಅರಿತ ಆಧುನಿಕ ಶಿಲ್ಪಿಗಳಲ್ಲಿ ಬಾಲನ್ ನಂಬಿಯಾರರ ಹೆಸರನ್ನು ಹೇಳಬೇಕು. 1937ರಲ್ಲಿ ಕೇರಳದ ಕಣ್ಣಪುರದಲ್ಲಿ ಜನಿಸಿ ಬೆಂಗಳೂರನ್ನು ನೆಲೆಮಾಡಿಕೊಂಡ ಇವರು ತೆಯ್ಯಂ ಮತ್ತು ಭೂತಾರಾಧನೆಗಳನ್ನು ದಶಕಗಳ ಕಾಲ ಅಭ್ಯಾಸಮಾಡಿ, ಆ ವಿಧಿನೃತ್ಯಗಳ ಆಕಾರಗಳನ್ನು ಲೋಹಕ್ಕೆ ತಂದವರು. ಹೊಳೆಯುವ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಬಯಲಿಗೊಪ್ಪುವ ದೊಡ್ಡ ಶಿಲ್ಪಗಳನ್ನು ನಿರ್ಮಿಸಿದವರು. ನಾವು ದಿನವೂ ತೊಳೆದು ಜೋಡಿಸುವ ಲೋಟ ತಟ್ಟೆಗಳ ಲೋಹವೇ ಅಲ್ಲಿ ದೈವದ ಮುಡಿಯ ನೆನಪನ್ನು ತಾಳಿದೆ.

ಪಶ್ಚಿಮದ ಪ್ರಯೋಗ

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಪಶ್ಚಿಮದ ಕಡೆಗೆ ನೋಡಿದರೆ ಅಲ್ಲಿನ ಪ್ರಯೋಗವು ಅಷ್ಟೇನೂ ವಿಚಿತ್ರವಾಗಿ ತೋರದು. ಅಮೆರಿಕದ ನವ್ಯ ನೃತ್ಯದ ಮುಂದಾಳು ಮಾರ್ಥಾ ಗ್ರಹಾಂ ಎಂಬಾಕೆಯು 1935ರಿಂದ ಮೊದಲ್ಗೊಂಡು ಹಲವು ದಶಕಗಳ ಕಾಲ ಇಸಾಮು ನೊಗುಚಿ ಎಂಬ ಶಿಲ್ಪಿಯೊಡನೆ ಕೂಡಿ ಕೆಲಸಮಾಡಿದಳು. ನೊಗುಚಿಯ ತಂದೆ ಜಪಾನಿನ ಕವಿ, ತಾಯಿ ಅಮೆರಿಕದವಳು. ಅದುವರೆಗೆ ರಂಗದ ಹಿಂಬದಿಯಲ್ಲಿ ಬಣ್ಣದ ಪರದೆ ತೂಗುತ್ತಿದ್ದಿತು. ನೊಗುಚಿಯು ಪರದೆಯನ್ನು ತೆಗೆದು ಶಿಲ್ಪವನ್ನು ರಂಗದ ನಡುವೆ ತಂದಿಟ್ಟನು.

1946ರಲ್ಲಿ ಮೊದಲು ಪ್ರದರ್ಶಿತವಾದ 'ಕೇವ್ ಆಫ್ ದಿ ಹಾರ್ಟ್' ಎಂಬ ಕೃತಿಯು ಇವರಿಬ್ಬರ ಕೂಟದ ಪ್ರಸಿದ್ಧ ಉದಾಹರಣೆ. ಗಂಡನಿಂದ ವಂಚಿತಳಾಗಿ ಸೇಡಿನಿಂದ ಉರಿಯುವ ಮೀಡಿಯಾ ಎಂಬ ಗ್ರೀಕ್ ಪುರಾಣದ ರಾಣಿಯ ಕಥೆಯದು. ನೊಗುಚಿಯು ಆಕೆಗೆ ಹಿತ್ತಾಳೆಯ ತಂತಿಗಳಿಂದ ಒಂದು ಉಡುಗೆಯನ್ನು ಮಾಡಿಕೊಟ್ಟನು. ಅದು ರಂಗದ ಮೇಲೆ ಮುಳ್ಳಿನ ಪೊದೆಯಂತೆ ನಿಂತಿರುತ್ತದೆ. ನರ್ತಕಿಯು ಅದರೊಳಗೆ ಹೊಕ್ಕು ಅದನ್ನು ಹೊತ್ತು ನಡೆಯುವಾಗ ಪ್ರತಿಯೊಂದು ತಂತಿಯೂ ನಡುಗಿ ಬೆಳಕನ್ನು ಚೆಲ್ಲುತ್ತದೆ. ಕೋಪವು ಮುಖದಲ್ಲಿ ಮಾತ್ರವಲ್ಲ, ಲೋಹದಲ್ಲಿಯೂ ಕಂಪಿಸುತ್ತದೆ. ದೇಹವನ್ನು ಸುತ್ತುವರಿದ ಈ ಲೋಹದ ಚೌಕಟ್ಟಿಗೂ, ಜುಮಾದಿಯ ಬೆನ್ನ ಹಿಂದೆ ಎದ್ದುನಿಲ್ಲುವ ಅಣಿಗೂ ಹೋಲಿಕೆಯನ್ನು ಕಾಣದಿರುವುದು ನಮ್ಮವರಿಗೆ ಕಷ್ಟ. ಗ್ರಹಾಂ ತಂಡವು 1955–56ರ ಏಷ್ಯಾ ಪ್ರವಾಸದಲ್ಲಿ ಭಾರತಕ್ಕೂ ಬಂದಿದ್ದಿತು.

ನಮ್ಮ ದೇಶದಲ್ಲಿ ಯಂತ್ರಯುಗದ ಲೋಹವನ್ನು ನೃತ್ಯದಲ್ಲಿ ಎದುರಿಸಿದವರಲ್ಲಿ ಉದಯಶಂಕರರು ಮೊದಲಿಗರು. 'ಲೇಬರ್ ಅಂಡ್ ಮೆಷಿನರಿ' ಎಂಬ ತಮ್ಮ ನೃತ್ಯರೂಪಕದಲ್ಲಿ ಕಾರ್ಖಾನೆಯ ಯಂತ್ರಗಳ ಚಲನೆಯನ್ನು ಕಾರ್ಮಿಕರ ದೇಹಗಳಿಂದಲೇ ಅವರು ತೋರಿಸಿದರು. ಅಲ್ಲಿ ಉಕ್ಕು ಇರಲಿಲ್ಲ. ಉಕ್ಕಿಗೆ ಸಿಕ್ಕಿಕೊಂಡ ಮನುಷ್ಯನಿದ್ದನು.

ಕೃಷ್ಣೆಯ ಹೆಸರಿನ ಕುಲುಮೆ

ಉಕ್ಕಿನ ಮಾತು ಬಂದಮೇಲೆ ವಿಶಾಖಪಟ್ಟಣಕ್ಕೆ ಹೋಗಲೇಬೇಕು. ವಿಜಯವಾಡದಿಂದ ರೈಲಿನಲ್ಲಿ ಸುಮಾರು 350 ಕಿಲೋಮೀಟರು. ಅಲ್ಲಿನ ಉಕ್ಕಿನ ಕಾರ್ಖಾನೆಯು ಸುಲಭವಾಗಿ ದೊರೆತುದಲ್ಲ. 'ವಿಶಾಖ ಉಕ್ಕು ಆಂಧ್ರರ ಹಕ್ಕು' ಎಂಬ ಘೋಷಣೆಯೊಡನೆ 1966ರಲ್ಲಿ ನಡೆದ ಚಳವಳಿಯಲ್ಲಿ 32 ಮಂದಿ ಪ್ರಾಣತೆತ್ತರೆಂದು ಆಂಧ್ರರು ಇಂದಿಗೂ ಸ್ಮರಿಸುತ್ತಾರೆ. 1971ರ ಜನವರಿಯಲ್ಲಿ ಇಂದಿರಾ ಗಾಂಧಿಯವರು ಶಂಕುಸ್ಥಾಪನೆ ಮಾಡಿದರು; 1992ರಲ್ಲಿ ಪಿ. ವಿ. ನರಸಿಂಹರಾಯರು ಕಾರ್ಖಾನೆಯನ್ನು ರಾಷ್ಟ್ರಕ್ಕೆ ಅರ್ಪಿಸಿದರು. 2021ರಲ್ಲಿ ಇದನ್ನು ಖಾಸಗಿಯವರಿಗೆ ವಹಿಸುವ ನಿರ್ಣಯ ಹೊರಬಿದ್ದಾಗ ಕಾರ್ಮಿಕರು ಮತ್ತೆ ಬೀದಿಗಿಳಿದರು. 2025ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಇದರ ಪುನರುದ್ಧಾರಕ್ಕೆ 11,440 ಕೋಟಿ ರೂಪಾಯಿಗಳ ನೆರವನ್ನು ಮಂಜೂರು ಮಾಡಿತು. ಈ ಊರಿನವರಿಗೆ ಉಕ್ಕೆಂಬುದು ಬರಿಯ ಸರಕಲ್ಲ, ನೆತ್ತರಿನ ಲೆಕ್ಕ.

ಇಲ್ಲಿನ ಮೊದಲೆರಡು ಊದುಕುಲುಮೆಗಳಿಗೆ ಗೋದಾವರಿ, ಕೃಷ್ಣಾ ಎಂದು ಹೆಸರು, ಮೂರನೆಯದಕ್ಕೆ ಅನ್ನಪೂರ್ಣಾ. ಕೂಚಿಪುಡಿಯ ಗದ್ದೆಗಳಿಗೆ ನೀರುಣಿಸುವ ನದಿಯ ಹೆಸರೇ ಕರಗಿದ ಕಬ್ಬಿಣವನ್ನು ಹೆರುವ ಕುಲುಮೆಗೂ ಬಂದಿದೆ! ಅಲ್ಲಿಂದ ಹೊರಡುವುದು ಮುಖ್ಯವಾಗಿ ಕಂಬಿ, ತೊಲೆ, ತಂತಿಸುರುಳಿಗಳು. ನೊಗುಚಿಗೆ ಬೇಕಾದುದು ಇಂತಹುದೇ ತಂತಿಯಲ್ಲವೆ?

ನಗರದ ಕಡಲತೀರದಲ್ಲಿಯೂ ಒಂದು ಬೃಹತ್ ಲೋಹವಸ್ತು ಇದೆ. ನೌಕಾದಳದಲ್ಲಿ ಮೂರು ದಶಕಗಳ ಸೇವೆ ಮುಗಿಸಿದ 'ಕುರ್ಸುರಾ' ಎಂಬ ಜಲಾಂತರ್ಗಾಮಿಯನ್ನು ಮರಳಿನ ಮೇಲಕ್ಕೆ ಎಳೆದು ತಂದು 2002ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದರು. ಸುಮಾರು 91 ಮೀಟರು ಉದ್ದದ ಆ ಕಪ್ಪು ಉಕ್ಕಿನ ಒಡಲು ಯಾವ ಶಿಲ್ಪಿಯೂ ಕಡೆಯದ ಶಿಲ್ಪವಾಗಿ ಸಮುದ್ರದ ಕಡೆಗೆ ನೋಡುತ್ತ ನಿಂತಿದೆ.

ಇತ್ತ ವಿಜಯವಾಡದ ನೆರೆಯ ತೆನಾಲಿಯಲ್ಲಿ ಇನ್ನೊಂದು ಬಗೆಯ ಕಸುಬು ಬೆಳೆದಿದೆ. ತಲೆಮಾರುಗಳಿಂದ ಶಿಲ್ಪವೃತ್ತಿಯಲ್ಲಿರುವ ಕಾಟೂರಿ ವೆಂಕಟೇಶ್ವರರಾವ್ ಮತ್ತು ಅವರ ಮಗ ರವಿಚಂದ್ರ ಇವರು ವಾಹನಗಳ ಹಳೆಯ ಬಿಡಿಭಾಗ, ಸರಪಳಿ, ಬೋಲ್ಟು ನಟ್ಟುಗಳನ್ನು ಬೆಸೆದು ಆಳೆತ್ತರವನ್ನು ಮೀರಿದ ಪ್ರತಿಮೆಗಳನ್ನು ನಿರ್ಮಿಸುತ್ತಾರೆ. ಸುಮಾರು 75,000 ನಟ್ಟುಗಳಿಂದ ಇವರು ರೂಪಿಸಿದ ಧ್ಯಾನಮಗ್ನ ಗಾಂಧೀಜಿಯ 10 ಅಡಿಯ ಪ್ರತಿಮೆಯು ಬಹಳ ಹೆಸರು ಪಡೆಯಿತು. ಗುಜರಿಯೆಂದು ಎಸೆದುದರಲ್ಲಿ ಮಹಾತ್ಮನನ್ನು ಕಾಣುವ ಕಣ್ಣು ಸಾಮಾನ್ಯವಾದುದಲ್ಲ.

ಎತ್ತರವೇ ಸಾಲದು

ಹೀಗೆ ಒಂದು ಕಡೆ ತಟ್ಟೆಯನ್ನು ಕಾಲಿನಿಂದ ಆಳಬಲ್ಲ ನರ್ತಕರು. ಇನ್ನೊಂದು ಕಡೆ ಉಕ್ಕು. ನಡುವೆ ಅದನ್ನು ಬೆಸೆಯಬಲ್ಲ ಶಿಲ್ಪಿಗಳು. ಇವರು ಮೂವರೂ ಕೂಡಿ ಮಾಡುವ ಕೆಲಸಕ್ಕೆ ಇದಕ್ಕಿಂತ ಅನುಕೂಲವಾದ ಸೀಮೆ ಮತ್ತೊಂದುಂಟೆ?

ಆದರೆ ನಮ್ಮ ಕಾಲದ ಒಲವು ಬೇರೆಯ ಕಡೆಗಿದೆ. ಲೋಹಶಿಲ್ಪವೆಂದೊಡನೆ ನಾವು ಕೇಳುವ ಮೊದಲ ಪ್ರಶ್ನೆ, "ಎಷ್ಟು ಅಡಿ?" ಎಂಬುದು. 2022ರಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದ ಬಳಿ ಕೆಂಪೇಗೌಡರ 108 ಅಡಿಯ ಕಂಚಿನ ಪ್ರತಿಮೆ ನಿಂತಿತು. 2023ರಲ್ಲಿ ದೆಹಲಿಯ ಭಾರತ ಮಂಟಪದ ಮುಂದೆ ಸ್ವಾಮಿಮಲೆಯ ಸ್ಥಪತಿಗಳು ಎರಕಹೊಯ್ದ ಸುಮಾರು 27 ಅಡಿಯ ಅಷ್ಟಧಾತುವಿನ ನಟರಾಜ ನಿಂತನು. 2024ರ ಜನವರಿಯಲ್ಲಿ ವಿಜಯವಾಡದ ಸ್ವರಾಜ್ಯ ಮೈದಾನದಲ್ಲಿ 81 ಅಡಿಯ ಪೀಠದ ಮೇಲೆ ಡಾ. ಅಂಬೇಡ್ಕರರ 125 ಅಡಿಯ ಪ್ರತಿಮೆ ಅನಾವರಣಗೊಂಡಿತು. ನೃತ್ಯದಲ್ಲಿಯೂ ಸಂಖ್ಯೆಯ ಹಂಬಲವಿಲ್ಲದಿಲ್ಲ: 2016ರ ಡಿಸೆಂಬರಿನಲ್ಲಿ ವಿಜಯವಾಡದ ಕ್ರೀಡಾಂಗಣದಲ್ಲಿ ಆರು ಸಾವಿರಕ್ಕೂ ಮಿಕ್ಕ ಕಲಾವಿದರು ಏಕಕಾಲದಲ್ಲಿ ಕೂಚಿಪುಡಿಯನ್ನು ನರ್ತಿಸಿ ಗಿನ್ನೆಸ್ ದಾಖಲೆಗೆ ಸೇರಿದರು.

ಮಹಾಪುರುಷರಿಗೆ ಸಲ್ಲುವ ಗೌರವವನ್ನು ಇಲ್ಲಿ ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಕತ್ತೆತ್ತಿ ನೋಡಬೇಕಾದ ಶಿಲ್ಪವೊಂದು, ಕೈಹಿಡಿದು ನಡೆಸಬೇಕಾದ ಶಿಲ್ಪ ಮತ್ತೊಂದು. ಮೊದಲನೆಯದರ ಮುಂದೆ ಮನುಷ್ಯನು ಸಣ್ಣವನಾಗುತ್ತಾನೆ. ಎರಡನೆಯದರೊಡನೆ ಆತನು ಸರಿಸಮನಾಗಿ ನಿಂತು ತನ್ನ ಬಲವನ್ನೂ ದೌರ್ಬಲ್ಯವನ್ನೂ ಅರಿಯುತ್ತಾನೆ. ದಿನವಿಡೀ ಕಬ್ಬಿಣ, ಕಾವಲಿ, ಕಡತಗಳೊಡನೆ ಹೆಣಗುವ ದುಡಿಮೆಗಾರನಿಗೆ ಈ ಎರಡನೆಯ ಬಗೆಯ ಕಲೆಯೇ ಹೆಚ್ಚು ಹತ್ತಿರದ್ದು. ಅದು ಆತನ ದಿನದ ಹೆಣಗಾಟವನ್ನೇ ಲಯಕ್ಕೆ ತಂದು ಆತನಿಗೆ ಮರಳಿಸುತ್ತದೆ.

ಶಿಲ್ಪಿಗೂ ನರ್ತಕನಿಗೂ ಇರಬೇಕಾದ ಒಪ್ಪಂದ

ಹಾಗೆಂದು ಉಕ್ಕಿನ ರಾಶಿಯೊಂದನ್ನು ರಂಗದ ಮೇಲೆ ತಂದಿಟ್ಟರೆ ಕಲೆಯಾಗದು. ಹಿತ್ತಾಳೆಯ ತಟ್ಟೆಯು ಕಲಿಸುವ ಪಾಠವನ್ನು ದೊಡ್ಡ ಶಿಲ್ಪಕ್ಕೂ ಅನ್ವಯಿಸಬೇಕು.

ಮೊದಲನೆಯದು ಕಾಲಿಗೆ ಹಿಡಿತ. ತಟ್ಟೆಗೆ ಎತ್ತರಿಸಿದ ಅಂಚು ಇರುವುದು ಪಾದಕ್ಕಾಗಿ. ಅಂತೆಯೇ ಶಿಲ್ಪದಲ್ಲಿ ಹತ್ತಲು, ಒರಗಲು, ಜೋತುಬೀಳಲು ನರ್ತಕನ ಅಳತೆಗೆ ತಕ್ಕ ಎಡೆಗಳಿರಬೇಕು. ಬೆಸುಗೆಯ ಗಂಟುಗಳನ್ನು ಉಜ್ಜಿ ನುಣುಪುಮಾಡದಿದ್ದರೆ ಬರಿಗಾಲು ಸೀಳೀತು. ಅತಿಯಾಗಿ ನುಣುಪಾದರೆ ಬೆವರಿನ ಪಾದ ಜಾರೀತು.

ಎರಡನೆಯದು ತೂಕ ಮತ್ತು ತೂಗಾಟ. ಭಾರದ ಕೇಂದ್ರವು ಬುಡದಲ್ಲಿದ್ದರೆ ಆಕೃತಿಯು ನಿಲ್ಲುತ್ತದೆ. ಸ್ವಲ್ಪ ಮೇಲಿದ್ದರೆ ಮನುಷ್ಯನ ಭಾರಕ್ಕೆ ಮಣಿದು ತೂಗುತ್ತದೆ. ಎಷ್ಟು ಮಣಿಯಬೇಕೆಂಬುದನ್ನು ಶಿಲ್ಪಿಯೊಬ್ಬನೇ ನಿರ್ಣಯಿಸಲಾರನು. ರಂಗದ ಹಲಗೆಗಳು ಆ ಭಾರವನ್ನು ತಾಳುವುವೇ ಎಂಬುದನ್ನು ಮೊದಲೇ ನೋಡಬೇಕು.

ಮೂರನೆಯದು ನಾದ. ಕಂಚು ದೀರ್ಘವಾಗಿ ಮೊಳಗುತ್ತದೆ, ಎರಕದ ಕಬ್ಬಿಣವು ಮೊಂಡಾಗಿ ಸದ್ದುಮಾಡುತ್ತದೆ, ತೆಳುವಾದ ಉಕ್ಕಿನ ತಗಡು ಗುಡುಗುತ್ತದೆ. ನಮ್ಮ ನಟ್ಟುವಾಂಗದ ತಾಳಗಳಲ್ಲಿ ಒಂದು ಕಂಚಿನದು, ಇನ್ನೊಂದು ಉಕ್ಕಿನದು ಎಂಬುದನ್ನು ಬಹಳ ಮಂದಿ ಗಮನಿಸಿರಲಾರರು. ಬೇರೆ ಬೇರೆ ಲೋಹಗಳು ಕೂಡಿದಾಗಲೇ ಆ ಸ್ಪಷ್ಟವಾದ ಧ್ವನಿ ಹುಟ್ಟುತ್ತದೆ. ನೃತ್ಯಗುರುಗಳ ಕೈಯಲ್ಲಿ ಈ ವಿವೇಕವು ಮೊದಲಿನಿಂದಲೂ ಇದೆ.

ವಿಶಾಖಪಟ್ಟಣದಂತಹ ಕಡಲೂರಿನಲ್ಲಿ ನಾಲ್ಕನೆಯದನ್ನೂ ಸೇರಿಸಬೇಕು. ಉಪ್ಪುಗಾಳಿಗೆ ಸಾಧಾರಣ ಕಬ್ಬಿಣವು ಬೇಗನೆ ತುಕ್ಕುಹಿಡಿಯುತ್ತದೆ. ಬೇಸಗೆಯ ಬಿಸಿಲಿನಲ್ಲಿ ಬಯಲಿನ ಲೋಹವು ದೋಸೆಯ ಕಾವಲಿಯಂತೆ ಕಾಯುತ್ತದೆ. ಬಯಲುರಂಗದಲ್ಲಿ ಇಂತಹ ನೃತ್ಯಕ್ಕೆ ಸಂಜೆಯೇ ತಕ್ಕ ವೇಳೆ.

ಇದೆಲ್ಲಕ್ಕೂ ಮುಖ್ಯವಾದುದು ಕಾಲಾವಕಾಶ. ಶಿಲ್ಪವು ಸಿದ್ಧವಾದ ಮೇಲೆ ನರ್ತಕನನ್ನು ಕರೆಯುವುದಲ್ಲ. ಮೊದಲ ಬೆಸುಗೆಯ ದಿನದಿಂದಲೇ ಇಬ್ಬರೂ ಒಂದೇ ಚಪ್ಪರದಡಿಯಲ್ಲಿ ದುಡಿಯಬೇಕು. ಇಲ್ಲವಾದರೆ ನೃತ್ಯವು ಶಿಲ್ಪದ ಮುಂದಿನ ಕುಣಿತವಾಗಿ, ಶಿಲ್ಪವು ನೃತ್ಯದ ಹಿಂದಿನ ಪರದೆಯಾಗಿ ಉಳಿದೀತು.

ವಾಚಕರಲ್ಲಿ ಒಂದು ಅರಿಕೆ

ಹೊರನಾಡಿನಲ್ಲಿ ದುಡಿಯುವ ನಮಗೆ ಬಿಡುವು ಕಡಿಮೆ. ಸಿಕ್ಕ ರಜೆಯು ಊರಿನ ದಾರಿಯಲ್ಲಿಯೇ ಮುಗಿಯುತ್ತದೆ. ಆದರೂ ಆಂಧ್ರದ ಕಡೆ ಹೋಗುವ ಸಂದರ್ಭ ಬಂದವರು ಒಂದು ದಿನವನ್ನು ಕೂಚಿಪುಡಿಗೆಂದು ಮೀಸಲಿಡುವುದು ಸಾರ್ಥಕ. ನಮ್ಮ ಯಕ್ಷಗಾನದ ಮೇಳದ ಸೋದರ ಮೇಳವೊಂದು ಅಲ್ಲಿದೆ. ತಟ್ಟೆಯ ನರ್ತನವನ್ನು ನೋಡುವಾಗ ಮುಖವನ್ನು ಮಾತ್ರ ನೋಡದೆ, ಒಂದಿಷ್ಟು ಹೊತ್ತು ಪಾದವನ್ನೂ ಅದು ಹಿಡಿದಿರುವ ಅಂಚನ್ನೂ ನೋಡಬೇಕು. ಹಾಗೆ ನೋಡಿದವರಿಗೆ, ಮುಂದೊಂದು ದಿನ ಯಾವುದಾದರೂ ರಂಗದ ಮೇಲೆ ಉಕ್ಕಿನ ತೊಲೆಗಳ ನಡುವೆ ಯುವಕನೊಬ್ಬನು ಜೋತುಬಿದ್ದು ತೂಗುವುದನ್ನು ಕಂಡಾಗ ನಗು ಬಾರದು. ಆತನು ಬೀಳದಿರಲಿ ಎಂಬ ಹಾರೈಕೆಗಿಂತ ಮುಂದೆ ಹೋಗಿ, ಆತನು ಏನನ್ನು ಹೇಳುತ್ತಿದ್ದಾನೆಂದು ಕೇಳುವ ತಾಳ್ಮೆ ಬಂದೀತು.

ಕಲಾವಿದರಿಗೆ ಪ್ರೇಕ್ಷಕರಿಂದ ಬೇಕಾದುದು ಆ ತಾಳ್ಮೆಯೇ. ಹಣಕೊಟ್ಟು ಪ್ರತಿಮೆ ನಿಲ್ಲಿಸುವ ಶಕ್ತಿ ನಮ್ಮಲ್ಲಿ ಎಲ್ಲರಿಗೂ ಇಲ್ಲ. ತಾಳ್ಮೆಯಿಂದ ನೋಡುವ ಶಕ್ತಿ ಎಲ್ಲರಿಗೂ ಇದೆ.